ಮಾರ್ತಾಬಾಯಿಯ ಎರಡು ಹಿಡಿ ಹಿಟ್ಟು

ಮಾರ್ತಾಬಾಯಿ ತೀರಿಕೊಂಡಳು. ಭಾನುವಾರ ಮಧ್ಯಾಹ್ನ, ಜೇವರ್ಗಿಯಲ್ಲಿ, ಮಗಳ ಮನೆಯ ಅಡುಗೆಮನೆಯಲ್ಲಿ. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ಅದಕ್ಕಿಂತ ಹೆಚ್ಚು ಹೇಳಲು ಅವರ ಹತ್ತಿರವೂ ಏನೂ ಇರಲಿಲ್ಲ.

ಆಳಂದದಲ್ಲಿ ಜಸ್ಮೀನ ಟೀಚರ್ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಎತ್ತಿಡುತ್ತಿದ್ದಾಗ ಫೋನು ಬಂತು. ಮಾರ್ತಾಳ ಮಗಳು ರೂತ್. "ಟೀಚರ್ರೀ, ಅವ್ವ ಹೋದಳ್ರೀ," ಅಂದಳು. ಜಸ್ಮೀನ "ಊಟ ಆಗಿತ್ತೇನು ಅಕಿದು?" ಎಂದು ಕೇಳಿಬಿಟ್ಟಳು. ಆ ಪ್ರಶ್ನೆ ಎಲ್ಲಿಂದ ಬಂತೋ ತಿಳಿಯದು. ರೂತ್ ಆ ಕಡೆ ಅಳತೊಡಗಿದಳು. ಜಸ್ಮೀನಳ ಕೈಗೆ ಖಾರ ಹತ್ತಿತ್ತು, ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ. ಹಾಗೇ ನಿಂತಳು. ನಿಂತಾಗ ಅವಳ ತಲೆಗೆ ಬಂದ ಮೊದಲ ವಿಚಾರ ಇದು: ಇನ್ನು ದಾವೀದಪ್ಪ ಮನೆಗೆ ಬರಲಿ ಅಂತ ದೇವರನ್ನು ಕೇಳುವವರು ಯಾರು?

ದಾವೀದಪ್ಪ ಮಾರ್ತಾಳ ಗಂಡ. ಅವನು ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮಾರ್ತಾ, ಜಸ್ಮೀನ ಇಬ್ಬರು ಗೆಳತಿಯರು ಪ್ರಾರ್ಥನೆಯಲ್ಲಿ ಅವನನ್ನು ತಮ್ಮ ನಡುವೆ ಹಂಚಿಕೊಂಡಿದ್ದರು. ಒಬ್ಬಳು ಇದ್ದವನ ಸಲುವಾಗಿ ಬೇಡುವುದು, ಇನ್ನೊಬ್ಬಳು ಸತ್ತವನ ಸಲುವಾಗಿ. ಈಗ ಇದ್ದವನ ಪಾಲು ನೋಡಿಕೊಳ್ಳುತ್ತಿದ್ದವಳೇ ಹೋಗಿದ್ದಳು.

ಮಾರ್ತಾ ಹುಟ್ಟಿದ್ದು ಸರಸಂಬಾದಲ್ಲಿ. ಅವಳ ಅಜ್ಜನ ಕಾಲಕ್ಕೆ ಓಣಿಯ ಅರ್ಧ ಮನೆಗಳು ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದಿದ್ದವು, ಉಳಿದರ್ಧ ಪಡೆದಿರಲಿಲ್ಲ. ಲಗ್ನಕ್ಕೆ, ಮಣ್ಣಿಗೆ ಎಲ್ಲರೂ ಕೂಡುತ್ತಿದ್ದರು. ಹಾಡುವಾಗ ಮಾತ್ರ ಎರಡು ಗುಂಪು. ಮದುವೆಯಾಗಿ ಆಳಂದಕ್ಕೆ ಬಂದಳು. ರೂತ್ ಶಾಲೆಗೆ ಹೋಗುವ ಹೊತ್ತಿಗೆ ನರೋಣಾದ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಳು. ಮೊದಲ ವರ್ಷ ಕೆಲವು ಮನೆಗಳಿಂದ ಮಕ್ಕಳು ಡಬ್ಬಿ ಕಟ್ಟಿಸಿಕೊಂಡು ಬಂದರು. ಯಾಕೆಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮಾರ್ತಾ ಸಾರಿಗೆ ಒಗ್ಗರಣೆ ಹಾಕುವಾಗ ಅಡುಗೆಕೋಣೆಯ ಕಿಟಕಿ ತೆರೆದಿಟ್ಟಳು. ಬೆಳ್ಳುಳ್ಳಿಯ ಘಮ ತರಗತಿಗಳಿಗೆಲ್ಲ ಹೋಯಿತು. ಬರಬರುತ್ತ ಡಬ್ಬಿಗಳು ಕಮ್ಮಿಯಾದವು.

ಅದೇ ಶಾಲೆಯಲ್ಲಿ ಜಸ್ಮೀನ ಕನ್ನಡ ಕಲಿಸುತ್ತಾಳೆ. ಇಬ್ಬರೂ ಆಳಂದದಿಂದ ಬೆಳಗಿನ ಒಂದೇ ಬಸ್ಸಿಗೆ ಹೋಗುವವರು. ಒಂದೇ ಸೀಟಿನಲ್ಲಿ ಕೂಡುವ ರೂಢಿ ಹೇಗೆ ಬಿತ್ತೋ ನೆನಪಿಲ್ಲ. ಶಾಲೆಯ ಗೇಟಿನೊಳಗೆ ಮಾರ್ತಾ ಅವಳಿಗೆ "ನೀವು, ಟೀಚರ್ರಿ" ಅನ್ನುತ್ತಿದ್ದಳು. ಬಸ್ಸು ಹತ್ತಿದರೆ "ನೀ, ಬೇ" ಶುರು. ಬಸ್ಸು ಯಾರ ಅಪ್ಪಂದೂ ಅಲ್ಲ ಎಂಬುದು ಅವಳ ನ್ಯಾಯ. ಜಸ್ಮೀನ ಮಾತ್ರ ಎಲ್ಲ ಕಡೆಯೂ "ಮಾರ್ತಾಕ್ಕ" ಅನ್ನುತ್ತಿದ್ದಳು.

ಮಾರ್ತಾಳ ಮನೆಯಲ್ಲೊಂದು ಪದ್ಧತಿ ಇತ್ತು. ಅವಳ ಅತ್ತೆ ಕಲಿಸಿದ್ದು, ಅವರ ಚರ್ಚಿನ ಸಭೆಯ ಹಳೆಯ ಹೆಂಗಸರೆಲ್ಲ ಮಾಡುತ್ತಿದ್ದದ್ದು. ರೊಟ್ಟಿಗೆ ಹಿಟ್ಟು ನಾದುವ ಮುಂಚೆ ಮನೆಯಲ್ಲಿ ಉಣ್ಣುವ ತಲೆಗೊಂದರಂತೆ ಹಿಡಿ ಹಿಟ್ಟು ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಹಾಕುವಾಗ ಆ ತಲೆಯ ಹೆಸರು ಹಿಡಿದು ಒಂದು ಮಾತು ದೇವರಿಗೆ ಹೇಳಬೇಕು. ಭಾನುವಾರ ಡಬ್ಬಿ ಚರ್ಚಿಗೆ ಹೋಗುತ್ತದೆ, ಅಲ್ಲಿಂದ ಯಾರ ಮನೆಯಲ್ಲಿ ಒಲೆ ಹತ್ತಿಲ್ಲವೋ ಅಲ್ಲಿಗೆ. ಬದುಕಿದ್ದವರಿಗಷ್ಟೇ ಈ ಹಿಡಿ. ಅತ್ತೆ ತೀರಿದ ಮೇಲೂ ಮಾರ್ತಾಳ ಕೈ ಕೆಲವು ದಿನ ಅವಳ ಪಾಲು ಹಾಕುತ್ತಲೇ ಇತ್ತು. ದಾವೀದಪ್ಪ ಬಾಗಿಲಲ್ಲಿ ಬೀಡಿ ಸೇದುತ್ತ ಕುಳಿತು ನೋಡಿದವನು, "ಅಕಿ ಈಗ ಅಲ್ಲಿ ಸ್ವರ್ಗದ ಮನ್ನಾ ರೊಟ್ಟಿ ತಿನ್ನಾಕತ್ತಾಳ. ನಿನ್ನ ಜ್ವಾಳದ ಹಿಟ್ಟು ಕಟಗೊಂಡು ಏನ್ ಮಾಡ್ತಾಳ, ಬಿಡು," ಅಂದಿದ್ದ. ಅಳುತ್ತಿದ್ದ ಮಾರ್ತಾ ನಕ್ಕಳು. ಕೈಯೂ ನಿಂತಿತು.

ದಾವೀದಪ್ಪ ಗೌಂಡಿ. ಅವನು ಕಟ್ಟಿದ ಗೋಡೆಗಳು ಆಳಂದದಲ್ಲಿ ಇನ್ನೂ ನೆಟ್ಟಗಿವೆ. ಸ್ವಲ್ಪ ವಾಲುತ್ತಿದ್ದವನು ಅವನೇ. ಕ್ರಿಸ್‌ಮಸ್ಸಿಗೆ, ಈಸ್ಟರಿಗೆ ಚರ್ಚಿಗೆ ಹೋಗುತ್ತಿದ್ದ. ಉಳಿದ ಭಾನುವಾರಗಳಲ್ಲಿ ಗೋಡೆಗೆ ಗಾರೆ ಮೆತ್ತುವ ಗಿಲಾಯಿ ಕೆಲಸ. "ದೇವ್ರು ಆರು ದಿನ ಕೆಲಸ ಮಾಡಿ ಏಳನೇ ದಿನ ಕುಂತ. ಅಂವಗ ಮನಿ ಮಾಲಕರ ಕಾಟ ಇರಲಿಲ್ಲ," ಎಂಬುದು ಅವನ ಸಮಜಾಯಿಷಿ. ಜಗಳವಾದರೆ ಊರು ಬಿಡುತ್ತಿದ್ದ. ಒಮ್ಮೆ ಹಾಗೇ ಸೋಲಾಪುರಕ್ಕೆ ಹೋಗಿ ಇಡೀ ಬೇಸಿಗೆ ಅಲ್ಲೇ ಕಳೆದು ಬಂದಿದ್ದ. ಬಂದವನು ಬೆಳಿಗ್ಗೆ ಹೋದವನಂತೆ ಹೊಸ್ತಿಲಲ್ಲಿ ನಿಂತು "ಚಹಾ ಇಡು" ಅಂದಿದ್ದ. ಮಾರ್ತಾ ಇಟ್ಟಿದ್ದಳು. ಸಕ್ಕರೆ ಹಾಕಿರಲಿಲ್ಲ.

ಕರೋನಾದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಅಫಜಲಪುರದ ಕಡೆ ಭೀಮಾ ದಂಡೆಯ ಒಂದು ಹಳ್ಳಿಗೆ ಗಿಲಾಯಿ ಕೆಲಸಕ್ಕೆಂದು ಹೋದ. ನದಿ ಉಕ್ಕಿ ಬಂತು. ಹಳ್ಳಿಯವರನ್ನು ಎತ್ತರದ ಊರಿನ ಶಾಲೆಯೊಂದಕ್ಕೆ ಸಾಗಿಸಿ ಅಲ್ಲೇ ಕಾಳಜಿ ಕೇಂದ್ರ ತೆರೆದಿದ್ದರು. ನೀರು ಇಳಿಯಿತು, ಜನ ಮನೆಗಳಿಗೆ ಹಿಂದಿರುಗಿ ರಾಡಿ ಬಳಿದು ಹಾಕಿದರು. ದಾವೀದಪ್ಪ ಆಳಂದಕ್ಕೆ ಬರಲಿಲ್ಲ. ಅವನ ಫೋನು ಹತ್ತಲಿಲ್ಲ.

ಮಾರ್ತಾ ಹುಡುಕಲು ಹೊರಟಾಗ ಜಸ್ಮೀನ ಜೊತೆಗೆ ಹೋದಳು. ಅವನು ಗಿಲಾಯಿ ಮಾಡುತ್ತಿದ್ದ ಮನೆಯ ಮಾಲಕ ಭೀಮಶಾ ಅವರನ್ನು ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟ. ನದಿಯ ಕಡೆಗೆ ಕೈ ಮಾಡಿದ.

"ಸಾಲ್ಯಾಗ ನಮ್ಮ ಬಾಜೂಕ ಕುಂತು ಅನ್ನ ಉಂಡಾನ್ರಿ. ನನ್ನ ಗೌಂಡಿ ಸಾಮಾನ, ಕರಣಿ, ಓಳಂಬ ಅಲ್ಲೇ ಉಳದಾವ, ತರ್ತೇನಿ ಅಂದ. ಬ್ಯಾಡೋ ಮಾರಾಯಾ ಅಂದೆ. ಕರಣಿ ಬಿಟ್ಟರ ಗೌಂಡಿ ಅಲ್ಲ, ಬರೇ ಮನಷ್ಯಾ ಅಂತ ನಕ್ಕ. ನೀರಿನ ಕಡೆ ಇಳದು ಹ್ವಾದ. ಆಮ್ಯಾಲ ನಾ ನೋಡಿಲ್ರಿ ತಾಯಿ, ಸುಳ್ಳ್ಯಾಕ ಹೇಳ್ಲಿ."

ಮಾರ್ತಾ ಅಳಲಿಲ್ಲ. ಕರಣಿಯ ಆ ಮಾತು ಅವನದೇ ಎಂದು ಅವಳಿಗೆ ಗೊತ್ತಾಯಿತು. ಅಂಥ ಮಾತನ್ನು ಭೀಮಶಾ ಕಟ್ಟಿ ಹೇಳಲಾರ.

ಆದರೆ ಹಿಂದಿರುಗುವಾಗ ಅವರನ್ನು ದೊಡ್ಡ ರಸ್ತೆಯವರೆಗೆ ಬಿಡಲು ಬಂದ ಟಂಟಂ ಗಾಡಿಯ ಅಬ್ದುಲ್ ಗನಿ, ವಿಷಯ ಕೇಳಿ ಗಾಡಿಯನ್ನೇ ನಿಲ್ಲಿಸಿಬಿಟ್ಟ. ನೀರು ಏರುತ್ತಿದ್ದ ದಿನಗಳಲ್ಲಿ ಗೋಣಿಚೀಲ ಹಿಡಿದ ಒಬ್ಬ ಗೌಂಡಿಯನ್ನು ತಾನೇ ಜೇವರ್ಗಿ ಬಸ್‌ಸ್ಟ್ಯಾಂಡಿಗೆ ಮುಟ್ಟಿಸಿದ್ದೆ ಎಂದ. ಚೀಲದಿಂದ ಕರಣಿಯ ಹಿಡಿ ಹೊರಗೆ ಚಾಚಿಕೊಂಡಿತ್ತು. ದಾರಿಯುದ್ದಕ್ಕೂ ಚೇಷ್ಟೆ ಮಾಡುತ್ತಿದ್ದ. ಹೆಸರು ಕೇಳಿರಲಿಲ್ಲ.

"ಅದು ಯಾವ ದಿನಾರೀ ಭಾಯಿ? ಸಾಲ್ಯಾಗ ಉಣ್ಣೂಕಿಂತ ಮದಲೋ, ಆಮ್ಯಾಲೋ?" ಜಸ್ಮೀನ ಕೇಳಿದಳು.

ಅಬ್ದುಲ್ ಗನಿ ತಲೆ ಕೆರೆದುಕೊಂಡ. "ಎಲ್ಲಾ ದಿನಾ ಒಂದೇ ಆಗಿತ್ತು ಬಾಜಿ. ನೀರು, ನೀರು. ಹೇಳಾಕ ಬರಂಗಿಲ್ಲ."

ಅವರು ಜೇವರ್ಗಿಗೂ ಹೋದರು. ಆಗಿನ್ನೂ ಹೊಸದಾಗಿ ಮದುವೆಯಾಗಿದ್ದ ರೂತ್ ಅಲ್ಲೇ ಇದ್ದಳು. ಬಸ್‌ಸ್ಟ್ಯಾಂಡಿನಲ್ಲಿ, ಚಹಾದಂಗಡಿಗಳಲ್ಲಿ, ಮನೆ ಕಟ್ಟುತ್ತಿದ್ದ ಕಡೆಗಳಲ್ಲೆಲ್ಲ ಫೋಟೋ ತೋರಿಸಿದರು. ಮಗಳ ಊರಿಗೆ ಬಂದವನು ಮಗಳ ಮನೆಗೆ ಯಾಕೆ ಬರಲಿಲ್ಲ ಎಂದು ರೂತ್ ಕೇಳಿದಳು. ಅಬ್ದುಲ್ ಗನಿ ಕರೆತಂದವನು ಬೇರೆ ಯಾರೋ ಇರಬೇಕು ಎಂದು ಮಗಳು. ಅಳಿಯನ ಮನೆಗೆ ಬರಿಗೈಲಿ ಹೋಗಲು ನಾಚಿಕೊಂಡಿರಬೇಕು ಎಂದು ತಾಯಿ. ಪೊಲೀಸರು ಹೆಸರು ಬರೆದುಕೊಂಡರು. ನದಿಯೂ ಯಾರನ್ನೂ ದಂಡೆಗೆ ತರಲಿಲ್ಲ.

ಮಾರ್ತಾಳ ಗೋಜಲು ಶುರುವಾದದ್ದು ಇಲ್ಲಿಂದ. ಹೊರಟ ದಿನ ಗಂಡನ ಕೂಡ ಜಗಳವಾಗಿತ್ತೋ ಇಲ್ಲವೋ ಅವಳಿಗೆ ನೆನಪಿರಲಿಲ್ಲ. ಜಗಳವಾಗಿದ್ದರೆ ಸಿಟ್ಟಿನಿಂದ ಹೋಗಿದ್ದಾನೆ, ಎಲ್ಲೋ ಗೋಡೆ ಕಟ್ಟುತ್ತಿದ್ದಾನೆ, ಬರುತ್ತಾನೆ. ಜಗಳವಾಗಿರಲಿಲ್ಲ ಅಂದರೆ ಬರದೇ ಇರಲು ಕಾರಣವೇ ಇಲ್ಲ, ನದಿಯ ಹೊರತು. ಬಸ್ಸಿನಲ್ಲಿ ಅವಳು ಮುಂದಿನ ಸೀಟಿನ ಸರಳು ಹಿಡಿದು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ಒಂದು ದಿನ ಜಸ್ಮೀನ ಕೇಳಿದಳು.

"ಏನ್ ಬೇಡ್ಕೋತಿ ಮಾರ್ತಾಕ್ಕ?"

"ಜಗಳ ಆಗಿತ್ತಂತ ನೆನಪು ಮಾಡಿಕೊಡು ದೇವರೇ ಅಂತ."

ಜಸ್ಮೀನ ನಗುವುದೋ ಬೇಡವೋ ತಿಳಿಯದೆ ಕಿಟಕಿಯ ಹೊರಗೆ ನೋಡಿದಳು. ತೊಗರಿ ಹೂ ಬಿಟ್ಟಿತ್ತು. ಮಾರ್ತಾಳೇ ನಕ್ಕಳು. "ನಗು ಬೇ. ಮಂದಿ ಜಗಳ ಬ್ಯಾಡ ಅಂತ ಬೇಡ್ಕೋತಾರ, ನಾ ಬೇಕಂತೇನಿ. ದೇವರಿಗೂ ತಲಿ ತಿರುಗಿರಬೇಕು."

ಕಂಡಕ್ಟರ್ ದೇವಿಂದ್ರಪ್ಪ ಅವಳ ತುಟಿಯನ್ನೇ ನೋಡುತ್ತ ಬರುತ್ತಿದ್ದ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಹೊಸತರಲ್ಲಿ ಒಮ್ಮೆ, "ಬಾಯಾರ, ನಿಮಗೊಂದು ಜೀರೋ, ಟೀಚರಿಗೊಂದು ಜೀರೋ. ಮತ್ತ ಯಾವ ದೇವರ ಕೂಡ ಮಾತಾಡಾಕತ್ತೀರೋ, ಅವರಿಗೂ ಒಂದು ಹರೀಲೇನು?" ಎಂದ.

ಮಾರ್ತಾ ಕಣ್ಣು ತೆರೆಯದೆ, "ಅವರು ಗಂಡಸ್ರು. ಪುಕ್ಕಟ ಇಲ್ಲ. ನಿಮ್ಮ ಕಿಸೇದಾಗಿಂದ ಹಾಕಿ ಹರೀರಿ," ಅಂದಳು. ಇಡೀ ಬಸ್ಸು ನಕ್ಕಿತು. ಮುಂದೆ ದೇವಿಂದ್ರಪ್ಪ ಅವಳು ಕಣ್ಣು ಮುಚ್ಚಿದ್ದಾಗ ಸೀಟಿ ಊದುತ್ತಿರಲಿಲ್ಲ. ಬಾಗಿಲು ತಟ್ಟಿ ಬಸ್ಸು ಬಿಡಿಸುತ್ತಿದ್ದ.

ಪ್ರಾರ್ಥನೆಯೇ ಅವಳನ್ನು ಏಳಿಸುತ್ತಿತ್ತು, ಒಲೆ ಹಚ್ಚಿಸುತ್ತಿತ್ತು, ಬಸ್ಸು ಹತ್ತಿಸುತ್ತಿತ್ತು. ಇದನ್ನು ಜಸ್ಮೀನ ಕಣ್ಣಾರೆ ಕಂಡಿದ್ದಾಳೆ. ದಿನ ಬೆಳಗಾದರೆ ಎರಡು ಹಿಡಿ ಹಿಟ್ಟು. ಒಂದು ತನ್ನದು, ಒಂದು ದಾವೀದಪ್ಪನದು. ತನ್ನ ಹಿಡಿಗೆ "ಶಕ್ತಿ ಕೊಡು" ಎಂಬ ಮಾತು, ಅವನ ಹಿಡಿಗೆ "ಮನಿಗೆ ಕರಕೊಂಡು ಬಾ" ಎಂಬ ಮಾತು. ಅಷ್ಟು ಹೇಳಿದರೆ ಸಾಯಂಕಾಲದವರೆಗೆ ಹೇಗೋ ನಡೆಯುತ್ತಿತ್ತು. ಮರುದಿನ ಮತ್ತೆ ಹೇಳಬೇಕು. ಕೊಡಪಾನದ ನೀರಿನ ಹಾಗೆ, ದಿನಾ ತುಂಬಬೇಕು, ಎನ್ನುತ್ತಿದ್ದಳು.

ಆಮೇಲೆ ಪಾಸ್ಟರ್ ಮನೆಗೆ ಬಂದರು. ಹೊಸದಾಗಿ ವರ್ಗವಾಗಿ ಬಂದವರು, ವಯಸ್ಸಿನಲ್ಲಿ ಚಿಕ್ಕವರು, ಮೃದು ಮಾತಿನವರು. ರೂತಳೇ ಅವರಿಗೆ ಹೇಳಿಕಳಿಸಿದ್ದಳು. ಅಪ್ಪನ ಹೆಸರಲ್ಲಿ ಒಂದು ಜ್ಞಾಪಕಾರ್ಥ ಆರಾಧನೆ ಮಾಡಿಬಿಡೋಣ, ಅವ್ವ ಎಷ್ಟು ದಿನ ಹೀಗೆ ಬಾಗಿಲು ನೋಡುವುದು ಎಂದು. ಪಾಸ್ಟರ್ ಚಹಾ ಕುಡಿದು ಮೆಲ್ಲಗೆ ಹೇಳಿದರು.

"ಅಮ್ಮಾ, ಸತ್ತವರ ಸಲುವಾಗಿ ನಾವು ಪ್ರಾರ್ಥನಾ ಮಾಡಂಗಿಲ್ಲ. ಅವರು ದೇವರ ಕೈಯಾಗ ಇರ್ತಾರ, ನಾವು ಕೇಳೂದು ಮುಗೀತು. ಅವರ ಜೀವಿತಕ್ಕ ಸ್ತೋತ್ರ ಹೇಳ್ತೀವಿ, ಅಷ್ಟ. ಇದು ನಿಮಗೂ ಗೊತ್ತದ."

ಗೊತ್ತಿತ್ತು. ಚಿಕ್ಕಂದಿನಿಂದ ಕೇಳಿದ್ದೇ. ಆದರೆ ಅದರ ಭಾರ ಅವಳ ಮೇಲೆ ಬಿದ್ದದ್ದು ಅವತ್ತು. ಮರುದಿನ ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಲಿಲ್ಲ. ಊರು ದಾಟಿದ ಮೇಲೆ ಬಾಯಿಬಿಟ್ಟಳು.

"ಇದು ನೋಡು ಜಸ್ಮೀನ. ಅಂವ ಸತ್ತಿದ್ದರ ನಾ ದಿನಾ ಬೇಡೂದು ತಪ್ಪು. ಇದ್ದು, ನಾ ಬೇಡೂದು ಬಿಟ್ಟೆ ಅಂದ್ರ? ಎಲ್ಲೋ ಒಬ್ಬನೇ ಜ್ವರ ಬಂದು ಬಿದ್ದಾನ ಅಂತ ತಿಳಿ. ಅಂವನ ಸಲುವಾಗಿ ಕೇಳಾವ್ರು ಜಗತ್ತಿನಾಗ ನಾ ಒಬ್ಬಾಕಿ. ನಾನೂ ಬಿಟ್ಟರ ಹ್ಯಾಂಗ?"

"ಬಿಡಬ್ಯಾಡ ಮತ್ತ."

"ನಾ ಬಿಡಲಿಲ್ಲ, ಆದ್ರ ಅಂವ ಸತ್ತಾನ ಅಂತ ತಿಳಿ. ಹಂಗಾದ್ರ ಅಂವನ ಕಡೆಯಿಂದ ಕೇಳಾವ್ರು ಯಾರೂ ಇಲ್ಲ. ಸತ್ತವನ್ನ ಇದ್ದಾನಂತ ಬೇಡಿದರ ಆ ಮಾತು ಎಲ್ಲಿಗೆ ಹೋಗಿ ಮುಟ್ಟತದ?" ಜಸ್ಮೀನಳ ಕಡೆ ತಿರುಗಿದಳು. "ನಿಮ್ಮಾಗ ಸತ್ತವರಿಗಿ ದುವಾ ಮಾಡ್ತೀರಿ, ಹೌದಿಲ್ಲೋ?"

"ಮಾಡ್ತೀವಿ."

"ಹಂಗಾದ್ರ ಆ ಪಾಲು ನೀ ಇಟಗೋ. ಇದ್ದವನ್ನ ನಾ ನೋಡ್ಕೋತೇನಿ, ಸತ್ತವನ್ನ ನೀ ನೋಡ್ಕೋ. ಎರಡರಾಗ ಒಂದಂತೂ ಮುಟ್ಟತದ."

ಜೋಳದ ಹೊಲದಲ್ಲಿ ಇಬ್ಬರು ಹೆಂಗಸರು ಸಾಲು ಹಂಚಿಕೊಂಡ ಹಾಗೆ ಹೇಳಿದಳು. ಜಸ್ಮೀನ ಹೂಂ ಅಂದಳು. ಬಸ್ಸು ಇಳಿದ ಮೇಲೆ ಗಾಬರಿಯಾಯಿತು. ತನ್ನ ಮತದವನಲ್ಲದ ಮನುಷ್ಯನಿಗೆ, ಅದೂ ಸತ್ತಿದ್ದಾನೆಂದು ಗೊತ್ತೇ ಇಲ್ಲದವನಿಗೆ, ಪಾಪ ಮನ್ನಿಸೆಂದು ಕೇಳುವ ಮಗ್‌ಫಿರತ್ತಿನ ದುವಾ ಮಾಡಬಹುದೇ? ಬದುಕಿದ್ದವನನ್ನು ಸತ್ತವರ ಸಾಲಿಗೆ ಹಾಕಿ ಬೇಡಿದರೆ ಅದು ಶಾಪವಾಗುವುದಿಲ್ಲವೇ? ಓದಿಕೊಂಡವಳು, ಮನೆಯ ಕಪಾಟಿನ ಪುಸ್ತಕಗಳನ್ನು ತೆಗೆದು ನೋಡಿದಳು. ಒಂದರಲ್ಲಿ ಕೂಡದು ಎಂದಿತ್ತು. ಇನ್ನೊಂದು ಈ ಪ್ರಶ್ನೆಯ ಹತ್ತಿರವೇ ಬಂದಿರಲಿಲ್ಲ. ಕೊನೆಗೆ ತಾಯಿ ಹುಸೇನಬೀಯನ್ನು ಕೇಳಿದಳು. ಹುಸೇನಬೀ ಅಕ್ಕಿ ಹಸನು ಮಾಡುತ್ತಿದ್ದಳು, ಮೊರದಿಂದ ತಲೆ ಎತ್ತಲಿಲ್ಲ.

"ಮೌಲಾನಾ ಸಾಹೇಬ್ರನ್ನ ಕೇಳಿದರ ಬ್ಯಾಡ ಅಂತಾರ. ಅದಕ್ಕ ಕೇಳಬ್ಯಾಡ," ಅಂದಳು.

"ಮತ್ತ ಅಮ್ಮಿ, ಅದು ತಪ್ಪಾದ್ರ?"

"ನಮ್ಮ ಈ ಜಗಲಿ ಕಟ್ಟಿದಾಂವ ಅಂವನೇ ಅಲ್ಲೇನು? ದಿನಾ ಅದರ ಮ್ಯಾಲ ಕುಂಡ್ರತೇನಿ. ಅಲ್ಲಾಹನ ಮುಂದ ಹೆಸರು ಹೇಳು, ಅಂವ ಯಾವ ಕಡೆ ಅದಾನ ಅಂತ ಅಲ್ಲಾಹನೇ ನೋಡ್ಕೋತಾನ. ಎಲ್ಲಾ ನೀನೇ ಹುಡುಕಿ ಕೊಡಬೇಕೇನು ಅವನಿಗೆ? ಪಗಲಿ."

ಅಂದಿನಿಂದ ಗುರುವಾರ ಸಂಜೆ, ತನ್ನ ತಂದೆಯ ಹೆಸರಿನ ಹಿಂದೆ ದಾವೀದಪ್ಪನ ಹೆಸರನ್ನೂ ಜಸ್ಮೀನ ತೆಗೆದುಕೊಳ್ಳತೊಡಗಿದಳು. ಪ್ರತಿ ಸಲವೂ ಅರ್ಧ ಹೆಸರು ಹೇಳಿ ತಡೆಯುತ್ತಿದ್ದಳು. ತಾನು ಮಾಡುತ್ತಿರುವುದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ತಿಳಿದಿರಲಿಲ್ಲ. ಇವತ್ತಿಗೂ ತಿಳಿದಿಲ್ಲ. ಮಾರ್ತಾ ಮಾತ್ರ ಶುಕ್ರವಾರ ಬಸ್ಸಿನಲ್ಲಿ ತಪ್ಪದೆ ಕೇಳುತ್ತಿದ್ದಳು: "ನಿನ್ನೆ ನಿನ್ನ ಪಾಲು ಆಯ್ತಾ?" ಆಯ್ತು ಅಂದರೆ ಸೀಟಿಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು.

ರೂತ್ ಒತ್ತಾಯ ಬಿಡಲಿಲ್ಲ. ಜ್ಞಾಪಕಾರ್ಥ ಆರಾಧನೆಗೆ ಮಾರ್ತಾ ಒಪ್ಪಿದಳು. ಆಳಂದದ ಆ ಸಣ್ಣ ಚರ್ಚಿನಲ್ಲಿ ದಾವೀದಪ್ಪನ ಫೋಟೋ ಇಟ್ಟಿದ್ದರು. ಮದುವೆಯ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿದ್ದರಿಂದ ಅವನ ಭುಜದ ಮೇಲೆ ಮಾರ್ತಾಳ ಬೆರಳುಗಳು ಉಳಿದಿದ್ದವು. ಜಸ್ಮೀನ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕುಳಿತಿದ್ದಳು.

ಅವರ ಸಭೆಯಲ್ಲಿ ಸಾಕ್ಷಿ ಹೇಳುವ ರೂಢಿಯಿದೆ. ದೇವರು ತಮಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳುವುದು. ಮಗನಿಗೆ ಕೆಲಸ ಸಿಕ್ಕಿತು, ಜ್ವರ ಬಿಟ್ಟಿತು, ಎಮ್ಮೆ ಹಾಲು ಕೊಟ್ಟಿತು, ಸ್ತೋತ್ರ. ದಾವೀದಪ್ಪ ಹೋದಾಗಿನಿಂದ ಆ ಹೊತ್ತಿಗೆ ಮಾರ್ತಾ ತಲೆ ತಗ್ಗಿಸಿ ಕುಳಿತುಬಿಡುತ್ತಿದ್ದಳು. ಕೇಳಿದ್ದು ಸಿಕ್ಕವರ ಹೊತ್ತು ಅದು. ಆ ದಿನ ಪಾಸ್ಟರ್, ಗಂಡನ ಜೀವಿತಕ್ಕಾಗಿ ಎರಡು ಮಾತು ಸ್ತೋತ್ರ ಹೇಳಿರಿ ಎಂದರು. ಮಾರ್ತಾ ಎದ್ದಳು. 

"ಅಯ್ಯನೋರು ಹೇಳಂದ್ರು, ಹೇಳ್ತೇನಿ. ಎಲ್ಲಾರೂ ದೇವರು ನಂದು ಮಾಡಿಕೊಟ್ಟ ಅಂತೀರಿ. ನಂದು ಇನ್ನೂ ಆಗಿಲ್ಲ. ಆಗಿಲ್ಲಂತ ಅಂವಗ ದಿನಾ ಹೇಳಾಕತ್ತೇನಿ. ಕೇಳಾಕತ್ತಾನ. ನನ್ನ ಸಾಕ್ಷಿ ಇಷ್ಟ."

ಕುಳಿತಳು. ಯಾರಿಗೂ ಆಮೆನ್ ಅನ್ನುವುದೋ ಬಿಡುವುದೋ ತಿಳಿಯಲಿಲ್ಲ. ಹಿಂದಿನಿಂದ ಒಬ್ಬ ಮುದುಕಿ ಮಾತ್ರ ಗಟ್ಟಿಯಾಗಿ ಅಂದಳು. ಪಾಸ್ಟರ್ ಹಾಡಿನ ಪುಸ್ತಕ ತೆರೆದರು. ಪುಟ ಸಿಗಲಿಲ್ಲ, ಮತ್ತೆ ಹುಡುಕಿದರು. ರೂತ್ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಊಟದ ಹೊತ್ತಿಗೆ, "ಅವ್ವಾ, ಮಂದಿ ಮುಂದ ಹಂಗ್ಯಾಕ ಅಂದಿ? ಅಪ್ಪ ಸತ್ತಾನೋ ಇದ್ದಾನೋ ನಿನ್ನ ಲೆಕ್ಕದಾಗ?" ಎಂದು ಕೇಳಿದಳು. ಮಾರ್ತಾ ಮಗಳ ತಾಟಿಗೆ ಇನ್ನೊಂದು ಸೌಟು ಸಾರು ಹಾಕಿ, "ಉಣ್ಣು," ಅಂದಳು.

ಆರಾಧನೆಯ ಮರುದಿನದ ಬೆಳಿಗ್ಗೆಯೂ ಎರಡು ಹಿಡಿ ಹಿಟ್ಟೇ. ಇದನ್ನು ಅವಳೇ ಬಸ್ಸಿನಲ್ಲಿ ಹೇಳಿದಳು, ಸ್ವಲ್ಪ ತಪ್ಪಿತಸ್ಥಳ ಹಾಗೆ.

ಅವಳ ನಂಬಿಕೆ ಬಂಡೆಯಂತಿತ್ತು ಎಂದು ಮಣ್ಣಿನ ದಿನ ಎಲ್ಲರೂ ಹೇಳಿದರು. ಜಸ್ಮೀನಳಿಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಬಂಡೆಯಂತಿಲ್ಲದ ದಿನಗಳನ್ನೂ ಅವಳು ನೋಡಿದ್ದಳು. ಹೋದ ಮಳೆಗಾಲದಲ್ಲಿ ಒಂದು ದಿನ, ಶಾಲೆಯ ಅಡುಗೆಕೋಣೆಯಲ್ಲಿ ಬೇಳೆ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲುತ್ತಿತ್ತು. ಮಾರ್ತಾ ಸೌಟು ಹಿಡಿದು ನೋಡುತ್ತ ನಿಂತಿದ್ದಳು. ಜಸ್ಮೀನ ಓಡಿಹೋಗಿ ಉರಿ ಸಣ್ಣ ಮಾಡಿದಳು.

"ಮಾತ ಬರವಲ್ದು ಟೀಚರ್ರಿ," ಮಾರ್ತಾ ಮೆಲ್ಲಗೆ ಹೇಳಿದಳು. "ಹಿಟ್ಟು ಹಿಡೀತೇನಿ, ಬಾಯಿ ತೆರೀತೇನಿ, ಏನೂ ಬರಂಗಿಲ್ಲ. ಕರಕೊಂಡು ಬಾ ಅಂತ ಎಷ್ಟಂತ ಹೇಳ್ಲಿ? ನನಗ ನಾಚಿಕಿ ಬರಾಕತ್ತದ. ಅಂವಗ ಬ್ಯಾಸರ ಆಗಿರಬೇಕು. ಕೇಳಾಕತ್ತಾನ ಅಂತ ಅಷ್ಟ ಮಂದಿ ಮುಂದ ಹೇಳೇನಿ. ಖರೇನ ಕೇಳಾಕತ್ತಾನೇನ್ರಿ?"

ಜಸ್ಮೀನಳ ಹತ್ತಿರ ಪುಸ್ತಕಗಳಲ್ಲಿ ಓದಿದ ಸಮಾಧಾನದ ಮಾತುಗಳು ಎಷ್ಟೋ ಇದ್ದವು. ಆ ಬೇಳೆಯ ಹೊಗೆಯಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಮಾತು ಬರೂ ತನಕ ಹಿಟ್ಟು ಅಷ್ಟ ಹಾಕ್ರಿ," ಅಂದಳು, ಏನಾದರೊಂದು ಅನ್ನಬೇಕೆಂದು. ಮಾರ್ತಾಳ ಬಹುವಚನ ಕೇಳಿ ಅವಳ ಬಾಯಿಗೂ ಬಹುವಚನ ಬಂದಿತ್ತು.

ಮಾರ್ತಾ ಅದನ್ನು ಗಂಭೀರವಾಗಿ ತಗೊಂಡಳು. ಕೆಲವು ವಾರ ಮಾತಿಲ್ಲದ ಹಿಟ್ಟೇ ಡಬ್ಬಿಗೆ ಬಿತ್ತು. ಒಂದು ದಿನ ಬಸ್ಸಿನಲ್ಲಿ ಅವಳ ತುಟಿ ಮತ್ತೆ ಆಡುತ್ತಿತ್ತು. ಏನಾಯಿತು, ಏನು ತಿಳಿಯಿತು ಎಂದು ಜಸ್ಮೀನ ಕೇಳಿದಳು. "ಏನೂ ತಿಳೀಲಿಲ್ಲ. ಹೇಳೂದು ಬಿಟ್ಟರ ಇನ್ನೂ ತ್ರಾಸ ಆಗ್ತದ, ಅದೊಂದು ತಿಳೀತು," ಅಂದಳು.

ಕಡೆಯ ವಾರದ ಶುಕ್ರವಾರವೂ ಅವಳು ಎಂದಿನಂತೆ ಕೇಳಿದಳು, "ನಿನ್ನ ಪಾಲು ಆಯ್ತಾ?" ಆಗಿರಲಿಲ್ಲ. ಗುರುವಾರ ಜಸ್ಮೀನಳ ಮೊಣಕಾಲು ಬಾತುಕೊಂಡು ನಮಾಜಿನ ಚಾಪೆ ಜಾನಮಾಜಿನ ಮೇಲೆ ಕೂಡಲಾಗಿರಲಿಲ್ಲ. ಹಾಗೆಂದಳು. ಮಾರ್ತಾ ಅವಳ ಮೊಣಕಾಲ ಮೇಲೆ ಕೈಯಿಟ್ಟು ನೋಡಿ, "ಹರಳೆಣ್ಣಿ ಹಚ್ಚು ಬೇ. ಕುರ್ಚಿ ಮ್ಯಾಲ ಕುಂತು ಹೇಳಿದರೂ ನಿಮ್ಮ ಅಲ್ಲಾಹಗ ಕೇಳಸ್ತದ," ಅಂದಳು. ಶನಿವಾರ ಶಾಲೆ ಬಿಟ್ಟ ಮೇಲೆ ಜೇವರ್ಗಿಗೆ ಹೋದಳು. ರೂತಳ ಮನೆಗೆ ಹೊಸ ಕೋಣೆ ಕಟ್ಟಿದ್ದರು, ಭಾನುವಾರ ಅದಕ್ಕೆ ಪ್ರಾರ್ಥನೆ ಇತ್ತು.

ಮಣ್ಣು ಆಳಂದದಲ್ಲೇ ಆಯಿತು. ಎಲ್ಲ ಮುಗಿದು ಜನ ಚದುರಿದ ಮೇಲೆ ರೂತ್ ಬಂದು ಜಸ್ಮೀನಳ ಪಕ್ಕ ಕುಳಿತಳು. ಅವ್ವ ತೀರಿಕೊಂಡ ಭಾನುವಾರ ಏನೇನಾಯಿತೆಂದು ಹೇಳಿದಳು.

ಹೊಸ ಕೋಣೆಯಲ್ಲಿ ಜೇವರ್ಗಿಯ ಸಭೆಯವರು ಕೂಡಿದ್ದರು. ಹಾಡು ಮುಗಿದು, ಯಾರಿಗೆ ಯಾವುದರ ಸಲುವಾಗಿ ಪ್ರಾರ್ಥನೆ ಬೇಕು ಹೇಳಿರಿ ಅಂದರು. ಅವ್ವ ಏನು ಹೇಳುತ್ತಾಳೆ ಎಂದು ರೂತಳಿಗೆ ಗೊತ್ತಿತ್ತು. ಯಾವ ಊರಲ್ಲಿ, ಯಾರ ಮನೆಯಲ್ಲಿ ಕೇಳಿದರೂ ಅವಳದು ಒಂದೇ ಮಾತು. ಬೀಗರ ಮುಂದೆ ಅದನ್ನು ಕೇಳಲು ನಾಚಿ ರೂತ್ ಚಹಾದ ನೆವ ಮಾಡಿ ಎದ್ದಳು. ಬಾಗಿಲ ಹತ್ತಿರ ಹೋದಾಗ ಅವ್ವನ ದನಿ ಕೇಳಿಸಿತು.

"ನಮ್ಮ ಸಾಲ್ಯಾಗ ಜಸ್ಮೀನ ಟೀಚರ್ ಅಂತ ಅದಾರ. ಮೊಣಕಾಲ ಬಾತದ. ಅಕಿ ಸಲುವಾಗಿ ಮಾಡ್ರಿ."

"ಮತ್ತೇನಾರ ಅದ ಏನವ್ವಾ?" ಅಂದರು.

"ಸಾಕ್ರಿ," ಅಂದಳು. ದಾವೀದಪ್ಪನ ಹೆಸರು ತೆಗೆಯಲಿಲ್ಲ.

ಇಷ್ಟು ಕೇಳಿ ಜಸ್ಮೀನಳಿಗೆ ಏನೂ ಅರ್ಥವಾಗಲಿಲ್ಲ. ಮಾರ್ತಾ ಅವನನ್ನು ಬಿಟ್ಟುಕೊಟ್ಟಳೇ? ಅಷ್ಟು ವರ್ಷ ಕಾದ ಮೇಲೆ ಅವನು ನದಿಯ ಕಡೆಯವನು ಎಂದು ಅವಳಿಗೆ ತಿಳಿದುಹೋಯಿತೇ? ಅಥವಾ ತನ್ನ ಬಾತ ಮೊಣಕಾಲು ಕಣ್ಣ ಮುಂದಿದ್ದದ್ದರಿಂದ ಆ ಹೊತ್ತಿಗೆ ಅದೇ ನೆನಪಾಯಿತೇ? ಮೊಣಕಾಲು ನೆಟ್ಟಗಾದರೆ ಗುರುವಾರದ ಪಾಲು ತಪ್ಪುವುದಿಲ್ಲ ಎಂಬ ಯೋಚನೆಯೂ ಇದ್ದೀತು, ಮಾರ್ತಾ ಅಂಥವಳೇ. ರೂತಳ ಮುಖ ನೋಡಿದಳು. ರೂತ್ ತಲೆಯಾಡಿಸಿದಳು, ತನಗೂ ತಿಳಿಯದು ಎಂಬಂತೆ.

"ಇನ್ನೂ ಕೇಳ್ರಿ ಟೀಚರ್," ಅಂದಳು.

ಪ್ರಾರ್ಥನೆ ಮುಗಿದ ಮೇಲೆ ಜನ ಹೊಸ ಕೋಣೆಯಲ್ಲೇ ಮಾತಾಡುತ್ತ ಕುಳಿತರು. ಅಡುಗೆ ಆಗಿತ್ತು, ರೊಟ್ಟಿ ಕಮ್ಮಿ ಬಿದ್ದಾವು ಅನ್ನಿಸಿ ಮಾರ್ತಾ ತಾನೇ ಒಲೆಯ ಮುಂದೆ ಕುಳಿತಳು. ನೀನು ಬ್ಯಾಡ ಅವ್ವಾ, ದಣಿದೀ, ಅಂದರೆ ಕೇಳಲಿಲ್ಲ. ಹಂಚು ಇಟ್ಟಳು. ಎಸರು ಕಾಯಲಿಟ್ಟಳು. ಪರಾತಕ್ಕೆ ಹಿಟ್ಟು ಸುರಿದುಕೊಂಡಳು. ರೂತಳ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ, ಬೇರೆ ಡಬ್ಬಿಯೂ ಇರಲಿಲ್ಲ. ಮಾರ್ತಾ ಸುತ್ತ ನೋಡಿ ಒಂದು ಬಟ್ಟಲು ಎಳೆದುಕೊಂಡಳು. ಒಂದು ಹಿಡಿ ತೆಗೆದು ಅದರಲ್ಲಿ ಹಾಕಿದಳು, ತುಟಿ ಆಡಿತು. ಇನ್ನೊಂದು ಹಿಡಿ ತೆಗೆದಳು. ಅದನ್ನು ಹಾಕುವ ಮುಂಚೆ ಕೈ ಸ್ವಲ್ಪ ಹೊತ್ತು ಬಟ್ಟಲಿನ ಮೇಲೆ ನಿಂತಿತ್ತು.

"ಅವ್ವಾ, ಈಗಷ್ಟ ಒಳಗ ಅಪ್ಪನ ಹೆಸರ ತೆಗೀಲಿಲ್ಲ. ಮತ್ತ ಎರಡನೇದು ಯಾರದು?" ರೂತ್ ಕೇಳಿದಳು. ಜಗಳಕ್ಕಲ್ಲ, ತಿಳಿಯಬೇಕೆಂದೇ ಕೇಳಿದೆ ಎಂದು ಅವಳು ಜಸ್ಮೀನಳಿಗೆ ಎರಡು ಸಲ ಹೇಳಿದಳು.

ಮಾರ್ತಾ ತನ್ನ ಮುಷ್ಟಿಯನ್ನೇ ನೋಡಿಕೊಂಡಳು, ಅದು ಬೇರೆ ಯಾರದೋ ಕೈ ಎಂಬ ಹಾಗೆ.

"ಗೊತ್ತಿಲ್ಲವ್ವಾ. ಕೈ ಹಾಕ್ತದ," ಅಂದಳು.

ಮುಷ್ಟಿ ಬಿಚ್ಚಿ ಹಿಟ್ಟನ್ನು ಬಟ್ಟಲಿಗೆ ಹಾಕಿ, ಬೆರಳುಗಳಿಗೆ ಅಂಟಿದ್ದನ್ನೂ ಬಟ್ಟಲಿನ ಅಂಚಿಗೆ ತಟ್ಟಿ ಉದುರಿಸಿ, ಎಸರಿಗೆ ಕೈ ಚಾಚಿದಳು.